ಓದುಗರ ಪ್ರಶ್ನೆ: ಆಜ್ಞೆಯಾಚೆಗಿನ ನಾಯಕತ್ವ

ಪ್ರಶ್ನೆ: ಕಚೇರಿಯಲ್ಲಿ ಹೊಸದಾಗಿ ತಂಡದ ಹೊಣೆ ಹೊತ್ತಿದ್ದೇನೆ. ಆಜ್ಞೆಯ ಮೇಲೆಯೇ ನಡೆಯುವ ಸೈನ್ಯದಿಂದ ನಾನು ಕಲಿಯುವುದೇನಿದೆ?

ಉತ್ತರ: ಸೈನ್ಯ ಆಜ್ಞೆಯೊಂದರಿಂದಲೇ ನಡೆಯುತ್ತದೆಂಬುದು ಹೊರಗಿನವರ ಕಲ್ಪನೆ. 1948ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದ ವೇಳೆ, ಲಡಾಖ್‌ನ ಲೇಹ್ ಪಟ್ಟಣದ ರಕ್ಷಣೆಗೆ ಸೈನಿಕರನ್ನು ವಿಮಾನದಲ್ಲಿ ಕಳುಹಿಸಬೇಕಾದಾಗ, 10,000 ಅಡಿಗೂ ಎತ್ತರದ ಕಚ್ಚಾ ನೆಲದಲ್ಲಿ ಇಳಿಯಬೇಕಿದ್ದ ಮೊದಲ ಡಕೋಟಾ ವಿಮಾನದಲ್ಲಿ, ಅದನ್ನು ನಡೆಸಿದ ವಾಯುಪಡೆಯ ಅಧಿಕಾರಿ ಮೆಹರ್ ಸಿಂಗ್ ಅವರೊಂದಿಗೆ, ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ತಾವೇ ಕುಳಿತಿದ್ದರು.

ಆದರೆ ಮುಂದೆ ನಿಲ್ಲುವ ಧೈರ್ಯಕ್ಕಿಂತ ಅವರ ಸಿದ್ಧತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಅದೇ ವರ್ಷ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿ ಲಾ ಕಣಿವೆಮಾರ್ಗದಲ್ಲಿ ಕಾಲಾಳುಗಳ ದಾಳಿ ಫಲಿಸದಿದ್ದಾಗ ಅದನ್ನೇ ಮತ್ತೆ ಮಾಡಿಸದೆ, ಟ್ಯಾಂಕ್‌ಗಳ ಮೇಲಿನ ಫಿರಂಗಿ ಗೋಪುರ ಬಿಚ್ಚಿ ಗುಟ್ಟಾಗಿ ಸಾಗಿಸಲಾಯಿತು. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು ಹೇಸರಗತ್ತೆಯ ದಾರಿಯನ್ನು ಅಗಲಿಸಿದ ಮೇಲೆಯೇ ನವೆಂಬರ್ 1ರಂದು ದಾಳಿ ನಡೆಯಿತು. ನೀವೂ ಗುರಿ ವಿಧಿಸುವ ಮುನ್ನ, ನಿಮ್ಮವರ ದಾರಿಗೆ ಅಡ್ಡವಾಗಿರುವುದೇನೆಂದು ಅವರನ್ನೇ ಕೇಳಿ.