ಫ್ರೆಕಲ್ಟನ್ ದುರಂತ: ಹೊಣೆ ಪೈಲಟನದ್ದೇ?

ಮಾನ್ಯರೆ,

ಕಳೆದ ಸಂಚಿಕೆಯಲ್ಲಿ ಬಂದ, ಇಂಗ್ಲೆಂಡಿನ ಫ್ರೆಕಲ್ಟನ್ ಹಳ್ಳಿಯ ವಿಮಾನ ದುರಂತದ ಲೇಖನವನ್ನು ಕುರಿತ ತಮ್ಮ ಪತ್ರ ತಲುಪಿತು. ಜೊತೆಯಲ್ಲಿ ಹಾರಿದ ಎರಡು ವಿಮಾನಗಳಲ್ಲಿ ಒಂದು ಮಳೆಯಿಂದ ದೂರ ಸರಿದು ಉಳಿದುಕೊಂಡಿತೆಂದ ಮೇಲೆ, ಇನ್ನೊಂದರ ಪೈಲಟನೇ ಹೊಣೆಯೆಂದು ಲೇಖನ ನೇರವಾಗಿ ಹೇಳಬೇಕಿತ್ತು, ತಿದ್ದುಪಡಿ ಪ್ರಕಟಿಸಿ ಎಂದು ತಾವು ಕೋರಿದ್ದೀರಿ. ಆ ತೀರ್ಮಾನವನ್ನು ನಾನು ಒಪ್ಪಲಾರೆ.

1944ರ ಆಗಸ್ಟ್ 23ರ ಬೆಳಿಗ್ಗೆ, ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ವಾರ್ಟನ್‌ನಲ್ಲಿದ್ದ ಅಮೆರಿಕದ ವಾಯುನೆಲೆಯಿಂದ ಎರಡು ಬಿ-24 ಲಿಬರೇಟರ್ ಬಾಂಬರ್‌ಗಳು ಪರೀಕ್ಷಾ ಹಾರಾಟಕ್ಕೆ ಹೊರಟವು. ಗುಡುಗುಮಳೆ ಕವಿಯುತ್ತಿದೆಯೆಂದು ಸ್ವಲ್ಪ ಹೊತ್ತಿನಲ್ಲೇ ನೆಲೆಯವರು ಎರಡನ್ನೂ ಹಿಂದಕ್ಕೆ ಕರೆದರು. ದುರಂತಕ್ಕೀಡಾದ ವಿಮಾನದ ಪೈಲಟ್ ಲೆಫ್ಟಿನೆಂಟ್ ಜಾನ್ ಬ್ಲೂಮೆಂಡಾಲ್ ಮರಳಿದ್ದು ಈ ಆದೇಶದಂತೆಯೇ ಹೊರತು ಹುಂಬತನದಿಂದಲ್ಲ. ಗಾಲಿ ಇಳಿಸಿ ನೆಲೆಯನ್ನು ಸಮೀಪಿಸಿದ ಮೇಲೆ, ಇಳಿಯುವುದನ್ನು ಕೈಬಿಟ್ಟು ಮತ್ತೊಂದು ಸುತ್ತು ಬರುವುದಾಗಿ ಅವರು ರೇಡಿಯೊದಲ್ಲಿ ತಿಳಿಸಿದ್ದರು. ಅಂದರೆ ದೂರ ಸರಿಯುವ ನಿರ್ಧಾರವನ್ನು ಅವರೂ ಕೈಗೊಂಡಿದ್ದರು.

ಆದರೆ ಇಳಿಯಲು ಸಜ್ಜಾದ ವಿಮಾನಕ್ಕೆ ವೇಗವೂ ಕಡಿಮೆ, ಎತ್ತರವೂ ಕಡಿಮೆ. ಎಂಜಿನ್‌ಗಳಿಗೆ ಪೂರ್ತಿ ಶಕ್ತಿ ಕೊಟ್ಟರೂ ವೇಗ ಕೂಡಿಕೊಂಡು ಮೇಲೇರಲು ಸಮಯ ಬೇಕು; ಅಷ್ಟರಲ್ಲಿ ಮೋಡದಿಂದ ಗಾಳಿ ರಭಸವಾಗಿ ಕೆಳಕ್ಕೆ ಧುಮುಕಿದರೆ ಮಾಡಬಹುದಾದದ್ದು ತೀರ ಅಲ್ಪ. ಅಂಥ ಗಾಳಿ ಎಲ್ಲೆಡೆ ಒಂದೇ ಸಮನಾಗಿ ಬೀಸುವುದಿಲ್ಲವಾದ್ದರಿಂದ, ಪಕ್ಕದ ವಿಮಾನ ಪಾರಾದದ್ದು ಈ ಪೈಲಟನ ತಪ್ಪಿಗೆ ಸಾಕ್ಷಿಯಾಗದು. ಇಂತಹ ಇಳಿಗಾಳಿಯ ಸ್ವರೂಪವನ್ನು ಫುಜಿತಾ ಎಂಬ ವಿಜ್ಞಾನಿ ವಿವರಿಸಿದ್ದು 1975ರ ನ್ಯೂಯಾರ್ಕ್ ವಿಮಾನ ಅಪಘಾತದ ನಂತರ; 1944ರ ಪೈಲಟನಿಗೆ ಆ ವಿವರಣೆ ಸಿಕ್ಕಿರಲಿಲ್ಲ.

ಬ್ಲೂಮೆಂಡಾಲ್ ಅವರ ವಿಮಾನದ ರೆಕ್ಕೆ ಫ್ರೆಕಲ್ಟನ್‌ನಲ್ಲಿ ಮರದ ತುದಿಗೆ, ಆಮೇಲೆ ಕಟ್ಟಡದ ಮೂಲೆಗೆ ಬಡಿಯಿತು. ಸೈನಿಕರು ಬರುತ್ತಿದ್ದ ತಿಂಡಿಯಂಗಡಿಯೊಂದು ನೆಲಸಮವಾಯಿತು. ಹೋಲಿ ಟ್ರಿನಿಟಿ ಶಾಲೆಯಲ್ಲಿ ಅತಿ ಚಿಕ್ಕ ಮಕ್ಕಳು ಕುಳಿತಿದ್ದ ಕೋಣೆಯನ್ನು ಉರಿಯುವ ಇಂಧನ ಆವರಿಸಿತು. ಶಾಲೆಯ ಗಡಿಯಾರ 10.47ಕ್ಕೆ ನಿಂತಿತು. ಸತ್ತವರು 61 ಮಂದಿ. ಅವರಲ್ಲಿ 38 ಮಕ್ಕಳು, ಇಬ್ಬರು ಶಿಕ್ಷಕಿಯರು, ವಿಮಾನದಲ್ಲಿದ್ದ ಮೂವರೂ ಸೇರಿದ್ದಾರೆ. ಈ ಅಂಕಿಗಳನ್ನು ಬರೆಯುವಾಗ ತಮ್ಮ ಕೋಪ ನನಗೂ ಅರ್ಥವಾಗುತ್ತದೆ. ಇಷ್ಟು ಮಕ್ಕಳ ಸಾವಿಗೆ ಉತ್ತರ ಹೇಳುವವರೊಬ್ಬರು ಬೇಕೆನ್ನಿಸುವುದು ಸಹಜ.

ಆದರೂ ನಿಖರ ಕಾರಣ ತಿಳಿಯದೆಂದೇ ತನಿಖಾ ವರದಿ ಹೇಳಿತು. ಮಳೆಯ ತೀವ್ರತೆ ಪೈಲಟನಿಗೆ ಕೊನೆಯ ಹಂತದವರೆಗೆ ಪೂರ್ತಿ ಮನವರಿಕೆಯಾಗಿರಲಿಲ್ಲವೆಂದು ಅದು ಊಹಿಸಿತು ನಿಜ; ವಿಮಾನದ ಭಾಗವೇ ಮುರಿದಿರುವ ಸಾಧ್ಯತೆಯನ್ನೂ ತಳ್ಳಿಹಾಕಲಿಲ್ಲ, ಏಕೆಂದರೆ ಪರೀಕ್ಷಿಸುವಷ್ಟು ಅವಶೇಷ ಉಳಿದಿರಲಿಲ್ಲ. ಬ್ರಿಟನ್ನಿನ ಗುಡುಗುಮಳೆಯೆಂದರೆ ಬರೀ ತುಂತುರೆಂದು ಅನೇಕ ಅಮೆರಿಕನ್ ಪೈಲಟ್‌ಗಳು ಭಾವಿಸಿದ್ದರಿಂದ, ಅದರ ಅಪಾಯವನ್ನು ಅವರಿಗೆ ತಿಳಿಹೇಳಬೇಕೆಂದು ಸೂಚಿಸಲಾಯಿತು. ಈ ಸೂಚನೆ ನನಗೆ ಮುಖ್ಯವೆನಿಸುತ್ತದೆ: ಅರಿವಿನ ಕೊರತೆ ಒಬ್ಬನದ್ದಾಗಿರಲಿಲ್ಲ.

ಆದ್ದರಿಂದ ತಿದ್ದುಪಡಿಯನ್ನು ಪ್ರಕಟಿಸುತ್ತಿಲ್ಲ. ತಮ್ಮ ಪತ್ರವನ್ನು ಒಂದಕ್ಷರವೂ ಬಿಡದೆ ಇದೇ ಸಂಚಿಕೆಯಲ್ಲಿ ಅಚ್ಚುಮಾಡಿದ್ದೇವೆ.

– ಸಂಪಾದಕ