ಬಡಾವಣೆಯ ಸಭಾಂಗಣದಲ್ಲಿ ಐವರ ಚಿತ್ರ ಪ್ರದರ್ಶನ: ದೊಡ್ಡ ಗ್ಯಾಲರಿಗಾಗಿ ಕಾಯಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಐದು ಮಂದಿ, ಎಲ್ಲರೂ ನೌಕರಿಯ ನಡುವೆ ಬಿಡುವು ಮಾಡಿಕೊಂಡು ಚಿತ್ರ ಬರೆಯುವವರು. ಬೆಂಗಳೂರಿನ ಹೆಸರಾಂತ ಗ್ಯಾಲರಿಯಲ್ಲಿ ದಿನಾಂಕ ಸಿಗುವವರೆಗೆ ಕಾಯಬೇಕೇ, ಇಲ್ಲವೇ ನಿಮ್ಮ ಬಡಾವಣೆಯ ಸಾಂಸ್ಕೃತಿಕ ಕೇಂದ್ರದ ಸಣ್ಣ ಸಭಾಂಗಣದಲ್ಲೇ ಸಮೂಹ ಪ್ರದರ್ಶನ ಮಾಡಬೇಕೇ ಎಂದು ಕೇಳಿದ್ದೀರಿ. ಜೊತೆಗೆ, ಐವರಲ್ಲಿ ಒಬ್ಬರು ಪೆನ್ಸಿಲ್ ಚಿತ್ರಗಳನ್ನಷ್ಟೇ ಮಾಡುವವರು, ‘ನಿಮ್ಮ ಬಣ್ಣದ ಕ್ಯಾನ್ವಾಸ್‌ಗಳ ನಡುವೆ ನನ್ನವು ಕಾಣುವುದೇ ಇಲ್ಲ, ನನ್ನನ್ನು ಬಿಟ್ಟುಬಿಡಿ’ ಎನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ.

ಕಾಯಬೇಡಿ. ಬಡಾವಣೆಯಲ್ಲೇ ಮಾಡಿ. ಅವರನ್ನಂತೂ ಬಿಡಲೇಬೇಡಿ.

ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ, ಜಲವರ್ಣದಲ್ಲಿ ನಿಸರ್ಗ ಚಿತ್ರಗಳನ್ನು ಬರೆಯುತ್ತೇನೆ. ಇಪ್ಪತ್ತು ವರ್ಷಗಳಲ್ಲಿ ಹನ್ನೊಂದು ಸಮೂಹ ಪ್ರದರ್ಶನಗಳಲ್ಲಿ ಪಾಲ್ಗೊಂಡಿದ್ದೇನೆ, ನಾಲ್ಕನ್ನು ಮುಂದೆ ನಿಂತು ನಡೆಸಿದ್ದೇನೆ. ಮೊದಲನೆಯದರಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡದಿದ್ದರೆ ಸಾಕು ಎಂದು ಇದನ್ನು ಬರೆಯುತ್ತಿದ್ದೇನೆ.

ಅದು ದಕ್ಷಿಣ ಬೆಂಗಳೂರಿನ ಒಂದು ಸಣ್ಣ ಸಭಾಂಗಣ. ನಾವೂ ಐವರೇ. ಒಟ್ಟು ಅರವತ್ತು ಅಡಿ ಗೋಡೆಯಿತ್ತು. ಯಾರಿಗೂ ಬೇಸರವಾಗಬಾರದೆಂದು ಟೇಪು ಹಿಡಿದು ಅಳೆದು, ತಲಾ ಹನ್ನೆರಡು ಅಡಿ ಎಂದು ಹಂಚಿಕೊಂಡೆವು. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ. ತಮ್ಮ ಪಾಲಿಗೆ ಬಂದದ್ದನ್ನು ತುಂಬಲು ಪ್ರತಿಯೊಬ್ಬರೂ ತಮ್ಮಲ್ಲಿದ್ದ ಅತಿ ದೊಡ್ಡ, ಅತಿ ಗಾಢ ಬಣ್ಣದ ಕೃತಿಗಳನ್ನೇ ತಂದರು. ನನ್ನ ಹದಿನೈದು–ಇಪ್ಪತ್ತೆರಡು ಅಂಗುಲದ ಜಲವರ್ಣಗಳ ಪಕ್ಕದಲ್ಲಿ ಗೆಳೆಯನೊಬ್ಬನ ಐದಡಿ ಎತ್ತರದ ಅಕ್ರಿಲಿಕ್ ಕ್ಯಾನ್ವಾಸ್ ಬಂದು ನಿಂತಿತು. ಅದರ ಕೇಸರಿ ಬಣ್ಣದ ಮುಂದೆ ನನ್ನ ಕೆರೆ, ಮೋಡಗಳೆಲ್ಲ ಒಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಕಂಡವು. ಅವನ ಚಿತ್ರಕ್ಕೂ ನನ್ನ ನೆರೆಯಿಂದ ಒಳಿತೇನೂ ಆಗಲಿಲ್ಲ, ಅದು ಸುಮ್ಮನೆ ಕೂಗುತ್ತಿರುವಂತೆ ಕಂಡಿತು. ಬಂದವರು ತಮಗೆ ಪರಿಚಯವಿದ್ದವರ ಹನ್ನೆರಡು ಅಡಿಯನ್ನು ನೋಡಿ, ಉಳಿದ ನಲವತ್ತೆಂಟು ಅಡಿಯ ಮುಂದೆ ನಡೆದುಕೊಂಡೇ ಹೋದರು.

ಎರಡನೆಯ ದಿನ ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ನಮ್ಮಲ್ಲಿ ಮೂವರು ಉಳಿದಿದ್ದೆವು. ಕಾವಲುಗಾರರು ಒಂಬತ್ತೂವರೆಯವರೆಗೆ ಇರಲು ಬಿಟ್ಟರು. ಎಲ್ಲವನ್ನೂ ಕೆಳಗಿಳಿಸಿ ಗೋಡೆಗೆ ಒರಗಿಸಿಟ್ಟೆವು. ಯಾರದು ಎನ್ನುವುದನ್ನು ಮರೆತು, ಯಾವುದರ ಪಕ್ಕದಲ್ಲಿ ಯಾವುದು ಉಸಿರಾಡುತ್ತದೆ ಎಂದಷ್ಟೇ ನೋಡಿದೆವು. ಮೂವತ್ತೆಂಟು ಕೃತಿಗಳಲ್ಲಿ ಇಪ್ಪತ್ತಾರನ್ನು ಮಾತ್ರ ಮತ್ತೆ ತೂಗುಹಾಕಿದೆವು. ನನ್ನ ಏಳರಲ್ಲಿ ಮೂರನ್ನು ತೆಗೆದು ಕೋಣೆಯಲ್ಲಿಟ್ಟೆವು. ಆ ಐದಡಿಯ ಕ್ಯಾನ್ವಾಸ್ ಒಂದೇ ಗೋಡೆಯ ನಡುವೆ ಒಂಟಿಯಾಗಿ ನಿಂತು, ಮೊದಲ ಬಾರಿಗೆ ಅದರ ತೂಕ ಕಾಣಿಸಿತು.

ನನ್ನ ಒಂದು ಜಲವರ್ಣದಲ್ಲಿ ಬತ್ತಿದ ಕೆರೆಯಂಗಳವಿತ್ತು. ಅಂಚಿನಲ್ಲಿ ನಾಲ್ಕು ಸರ್ವೆ ಕಲ್ಲುಗಳು. ಕಣ್ಣಿಗೆ ಬಿದ್ದವು ಎಂದು ಬರೆದಿದ್ದೆನೇ ಹೊರತು ಅವುಗಳ ಬಗ್ಗೆ ಯೋಚಿಸಿರಲಿಲ್ಲ. ಆ ರಾತ್ರಿ ಅದರ ಪಕ್ಕಕ್ಕೆ ಬಂದದ್ದು ಗೆಳತಿಯೊಬ್ಬಳ ಎಚ್ಚಿಂಗ್, ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರ: ಅರ್ಧಕ್ಕೆ ನಿಂತ ಮನೆಗಳು, ತಾರಸಿಯಿಂದ ಮೇಲಕ್ಕೆ ಚಾಚಿದ ಕಬ್ಬಿಣದ ಕಂಬಿಗಳು. ಎರಡನ್ನೂ ಒಟ್ಟಿಗೆ ನೋಡಿದಾಗ ನನ್ನ ಚಿತ್ರ ನೀರಿನ ಬಗ್ಗೆ ಅಲ್ಲ, ಆ ಕಲ್ಲುಗಳ ಬಗ್ಗೆ ಎಂದು ನನಗೇ ಗೊತ್ತಾಯಿತು. ಒಂಟಿಯಾಗಿ ಮನೆಯ ಗೋಡೆಯ ಮೇಲಿದ್ದ ಎರಡು ವರ್ಷಗಳಲ್ಲಿ ಅದು ನನಗೆ ಇದನ್ನು ಹೇಳಿರಲಿಲ್ಲ. ಸಮೂಹ ಪ್ರದರ್ಶನ ಮಾಡಿ ಎಂದು ನಿಮಗೆ ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ.

ಹಾಗಾಗಿ ಅಡಿಗಳನ್ನು ಹಂಚಿಕೊಳ್ಳಬೇಡಿ. ಪ್ರತಿಯೊಬ್ಬರೂ ಹತ್ತು ಹತ್ತು ಕೃತಿಗಳನ್ನು ಮುಂದಿಡಿ. ಗೋಡೆಯನ್ನು ಅಳೆದು, ಕಾಗದದ ಮೇಲೆ ಅದೇ ಪ್ರಮಾಣದಲ್ಲಿ ಗೆರೆ ಹಾಕಿ, ಚಿತ್ರಗಳ ಸಣ್ಣ ಪ್ರತಿಗಳನ್ನು ಕತ್ತರಿಸಿ ಅದರ ಮೇಲೆ ಜರುಗಿಸಿ ನೋಡಿ. ಕೊನೆಯ ತೀರ್ಮಾನವನ್ನು ನಿಮ್ಮೈವರಲ್ಲಿ ಯಾರೂ ಅಲ್ಲದ, ಕಣ್ಣು ಪಳಗಿದ ಒಬ್ಬರಿಗೆ ಬಿಡಿ. ಬಾಗಿಲಿಗೆ ಎದುರಾದ ಗೋಡೆಗೆ ಎಲ್ಲರೂ ಆಸೆಪಡುತ್ತೀರಿ, ಅದು ಸಹಜ. ಪ್ಯಾರಿಸ್‌ನಲ್ಲಿ 1874ರಲ್ಲಿ ಮೊನೆ, ರೆನ್ವಾ, ದೆಗಾ ಮೊದಲಾದ ಸುಮಾರು ಮೂವತ್ತು ಮಂದಿ ಸೇರಿ ತಮ್ಮ ಮೊದಲ ಸಮೂಹ ಪ್ರದರ್ಶನ ಮಾಡಿದಾಗಲೂ ಯಾರ ಚಿತ್ರ ಎಲ್ಲಿ ಎನ್ನುವ ಪ್ರಶ್ನೆ ಎದ್ದಿತ್ತು. ಚೀಟಿ ಎತ್ತಿ ತೀರ್ಮಾನಿಸುವುದೆಂದು ಅವರು ಗೊತ್ತುಮಾಡಿಕೊಂಡಿದ್ದರು. ಆ ಪ್ರದರ್ಶನ ನಡೆದದ್ದು ಯಾವ ಅರಮನೆಯಲ್ಲೂ ಅಲ್ಲ, ನಾದಾರ್ ಎಂಬ ಛಾಯಾಗ್ರಾಹಕ ಖಾಲಿ ಮಾಡಿದ್ದ ಸ್ಟುಡಿಯೋದಲ್ಲಿ. ಹಗಲು ಕೆಲಸಕ್ಕೆ ಹೋಗುವವರೂ ಬರಲಿ ಎನ್ನುವಂತೆ ರಾತ್ರಿ ಎಂಟರಿಂದ ಹತ್ತರವರೆಗೂ ಬಾಗಿಲು ತೆರೆದಿತ್ತು. ನಮ್ಮ ಎಷ್ಟೋ ಗ್ಯಾಲರಿಗಳು ಸಂಜೆ ಆರಕ್ಕೋ ಏಳಕ್ಕೋ ಮುಚ್ಚುತ್ತವೆ, ಜನ ಕಚೇರಿಯಿಂದ ಹೊರಬೀಳುವುದೇ ಆಗ. ಬಡಾವಣೆಯ ಕೇಂದ್ರದವರನ್ನು ಕೇಳಿ ಎಂಟೂವರೆಯವರೆಗೆ ತೆರೆದಿಡಲು ಸಾಧ್ಯವಾದರೆ, ಅದೊಂದೇ ಕಾರಣ ಸಾಕು ಅಲ್ಲಿ ಮಾಡಲು.

ದೊಡ್ಡ ಜಾಗಗಳ ಮೇಲೆ ನನಗೆ ಮುನಿಸಿಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಲ್ಲಿ ಚಿತ್ರ ತೂಗುಹಾಕಿದ ದಿನ ನನ್ನ ಕೈ ನಡುಗಿದ್ದು ನಿಜ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ವಿಷಯವನ್ನಂತೂ ಬೇರೆಯಾಗಿಯೇ ಹೇಳಬೇಕು. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಅಲ್ಲಿನ ಸಭಾಂಗಣಗಳಲ್ಲಿ ನಾಡಿನ ಎಷ್ಟೋ ಕಲಾವಿದರು ತಮ್ಮ ಮೊದಲ ಪ್ರದರ್ಶನ ಮಾಡಿದ್ದಾರೆ. ಅದನ್ನು ಖಾಸಗಿ ಪ್ರತಿಷ್ಠಾನವೊಂದರ ಉಸ್ತುವಾರಿಗೆ ಕೊಡುವ ಒಪ್ಪಂದ ಹೊರಬಿದ್ದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಅವರು ಹೋರಾಡಿದ್ದು ಒಂದು ಕಟ್ಟಡಕ್ಕಾಗಿ ಮಾತ್ರವಲ್ಲ, ಹೆಸರಿಲ್ಲದವನೂ ಅರ್ಜಿ ಹಾಕಿ ಗೋಡೆ ಪಡೆಯಬಹುದು ಎನ್ನುವ ಸ್ಥಿತಿ ಉಳಿಯಲಿ ಎಂದು. ಅಂಥ ಜಾಗಗಳಿಗೆ ನೀವೂ ಅರ್ಜಿ ಹಾಕಿ, ದಿನಾಂಕ ಸಿಕ್ಕಾಗ ಹೋಗಿ. ಆದರೆ ಅದು ಸಿಗುವವರೆಗೆ ಚಿತ್ರಗಳನ್ನು ಮಂಚದಡಿ ಇಡುವುದು ಸರಿಯಲ್ಲ. ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ರಸ್ತೆಯಲ್ಲೇ ನಡೆಸುವ ಚಿತ್ರಸಂತೆಯಲ್ಲೂ ಕುಳಿತಿದ್ದೇನೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಕಣ್ಣು ಹಾಯಿಸಿದಷ್ಟೂ ಜನ, ಒಂದೇ ದಿನದ ಜಾತ್ರೆ. ಸಂಭ್ರಮ ಖಂಡಿತ ಇದೆ, ಮಾರಾಟವೂ ಆಗುತ್ತದೆ. ಆದರೆ ಅಲ್ಲಿ ಹಿಂದಿನವರು ತಳ್ಳುತ್ತಿರುತ್ತಾರೆ, ಒಂದು ಚಿತ್ರದ ಮುಂದೆ ಐದು ನಿಮಿಷ ನಿಲ್ಲಲು ಯಾರಿಗೂ ಆಗುವುದಿಲ್ಲ.

ಬಡಾವಣೆಯಲ್ಲಿ ನಿಲ್ಲುತ್ತಾರೆ. ನಮ್ಮ ಆ ಮೊದಲ ಪ್ರದರ್ಶನದ ಮೂರನೆಯ ದಿನ, ಮಾರುಕಟ್ಟೆಯಿಂದ ಬರುತ್ತಿದ್ದ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದೇ ಒಳಗೆ ಬಂದರು. ನನ್ನ ಕೆರೆಯ ಮುಂದೆ ನಿಂತು ತುಂಬಾ ಹೊತ್ತು ನೋಡಿದರು. ‘ಕೋಡಿ ಈ ಕಡೆ ಅಲ್ಲಪ್ಪ, ಆ ಕಡೆ ಇತ್ತು’ ಎಂದರು. ನಾನು ಬೇರೆ ಕೆರೆಯಿರಬಹುದು ಎಂದೆ. ಅವರು ಒಪ್ಪಲಿಲ್ಲ. ತಾವು ಮದುವೆಯಾಗಿ ಬಂದ ಹೊಸದರಲ್ಲಿ ಆ ಕೋಡಿಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದುದನ್ನೂ, ಹಿಂದೆ ಕಾಣುವ ಹುಣಸೆಮರದ ಕೊಂಬೆ ಯಾವ ಕಡೆಗೆ ಬಾಗಿತ್ತು ಎನ್ನುವುದನ್ನೂ ಹೇಳಿದರು. ಮರುದಿನ ತಮ್ಮನನ್ನು ಸಾಕ್ಷಿಗೆ ಕರೆತಂದರು. ಅಕ್ಕ ತಮ್ಮ ಇಬ್ಬರೂ ಆ ಚಿತ್ರದ ಮುಂದೆ ನಿಂತು ಅರ್ಧ ಗಂಟೆ ವಾದಿಸಿದರು, ಆ ಹೊತ್ತಿಗೆ ಸುತ್ತ ಏಳೆಂಟು ಮಂದಿ ಸೇರಿದ್ದರು. ಮುಂದಿನ ಭಾನುವಾರ ನಾನು ಆ ಅಂಗಳಕ್ಕೆ ಹೋಗಿ ನೋಡಿದೆ. ಕೋಡಿಯ ಕಲ್ಲುಗಳು ಅವರು ಹೇಳಿದ ಕಡೆಯೇ ಗಿಡಗಂಟಿಗಳ ನಡುವೆ ಬಿದ್ದಿದ್ದವು. ನಾನು ಮಳೆನೀರಿನ ಚರಂಡಿಯನ್ನು ಕೋಡಿ ಎಂದುಕೊಂಡಿದ್ದೆ. ಅದೇ ಕೆರೆಯನ್ನು ಮತ್ತೆ ಬರೆದೆ, ಆ ಎರಡನೆಯ ಚಿತ್ರವೇ ಇಂದಿಗೂ ನನ್ನ ಒಳ್ಳೆಯ ಕೆಲಸ. ಊರಾಚೆಯ ಯಾವ ವಿಮರ್ಶಕರೂ ನನಗೆ ಈ ತಪ್ಪನ್ನು ತೋರಿಸಲಾರರು.

ಒಂದು ಎಚ್ಚರಿಕೆ. ಈಗ ಸಾಮಾಜಿಕ ಜಾಲತಾಣಗಳಲ್ಲಿ ‘ರಾಷ್ಟ್ರೀಯ ಮಟ್ಟದ ಸಮೂಹ ಪ್ರದರ್ಶನ’ ಎಂಬ ಕರೆಗಳು ಬಹಳ ಬರುತ್ತವೆ. ಒಂದು ಚಿತ್ರಕ್ಕೆ ಇಷ್ಟು ಎಂದು ಹಣ ಕಟ್ಟಬೇಕು, ಪ್ರಮಾಣಪತ್ರ ಮತ್ತು ಸ್ಮರಣಿಕೆ ಕೊಡುತ್ತಾರೆ. ನಾನೂ ಒಮ್ಮೆ ಕಟ್ಟಿದೆ. ಹೋಗಿ ನೋಡಿದರೆ ನೆಲದಿಂದ ಎರಡಡಿ ಎತ್ತರದಲ್ಲಿ, ಮೂರು ಸಾಲುಗಳ ಕೆಳಗಿನ ಸಾಲಿನಲ್ಲಿ ನನ್ನ ಚಿತ್ರವಿತ್ತು. ಅದನ್ನು ನೋಡಲು ಕುಕ್ಕರುಗಾಲಲ್ಲಿ ಕೂರಬೇಕಿತ್ತು. ಆಯ್ಕೆಯೇ ಇರಲಿಲ್ಲ, ದುಡ್ಡು ಕೊಟ್ಟವರೆಲ್ಲ ಗೋಡೆಯ ಮೇಲಿದ್ದರು. ಸಭಾಂಗಣದ ಬಾಡಿಗೆಯನ್ನು ಐವರು ಹಂಚಿಕೊಳ್ಳುವುದು ಬೇರೆ, ಇದು ಬೇರೆ. ಕೃತಿಯನ್ನು ಯಾರು ಆರಿಸುತ್ತಾರೆ, ಎಷ್ಟು ಮಂದಿಯ ಎಷ್ಟು ಕೃತಿಗಳು, ಗೋಡೆ ಎಷ್ಟು ಅಡಿ ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಹಣದಲ್ಲಿ ಒಳ್ಳೆಯ ಕಾಗದ ಕೊಳ್ಳಿ.

ಇನ್ನು ಕೈಕೆಲಸದ ಮಾತು. ಚಿತ್ರದ ನಡುಬಿಂದು ನೆಲದಿಂದ ಐವತ್ತೇಳರಿಂದ ಅರವತ್ತು ಅಂಗುಲದ ನಡುವೆ ಬರಲಿ, ಗಾತ್ರ ಬೇರೆ ಬೇರೆಯಾದರೂ ಎಲ್ಲದರ ನಡುಬಿಂದು ಒಂದೇ ಮಟ್ಟದಲ್ಲಿರಲಿ. ಮೇಲಂಚನ್ನು ಸರಿಸಮ ಮಾಡಲು ಹೋದರೆ ಗೋಡೆ ಅಂಗಡಿಯ ಕಪಾಟಿನಂತಾಗುತ್ತದೆ. ಮೊಳೆ ಹೊಡೆಯಲು ಬಿಡದ ಜಾಗಗಳೇ ಹೆಚ್ಚು, ಮೇಲಿನ ಕಂಬಿಯಿಂದ ಇಳಿಬಿಡಲು ನೈಲಾನ್ ದಾರ ಮತ್ತು ಕೊಕ್ಕೆಗಳನ್ನು ನೀವೇ ಒಯ್ಯಿರಿ. ದಾರ ಎರಡು ಎಳೆ ಇರಲಿ, ಒಂದೇ ಎಳೆಯಾದರೆ ಫ್ಯಾನಿನ ಗಾಳಿಗೆ ಚಿತ್ರ ವಾಲುತ್ತದೆ. ಟ್ಯೂಬ್‌ಲೈಟ್ ಎದುರಿನ ಗೋಡೆಗೆ ಗಾಜು ಹಾಕಿದ ಚಿತ್ರ ಬೇಡ, ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ. ಹಿಂದಿನ ದಿನ ಸಂಜೆಯೇ ಸಭಾಂಗಣ ಕೈಗೆ ಸಿಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ, ಬೆಳಿಗ್ಗೆ ಬಂದು ಹನ್ನೊಂದಕ್ಕೆ ಉದ್ಘಾಟನೆ ಮಾಡಲು ಆಗುವುದಿಲ್ಲ.

ಉದ್ಘಾಟನೆಗೆ ದೀಪ ಬೆಳಗಿಸಿ, ಬೇಡ ಎನ್ನುವುದಿಲ್ಲ. ಆದರೆ ಶಾಲು, ಹಾರ, ಭಾಷಣಗಳಲ್ಲಿ ಒಂದೂವರೆ ಗಂಟೆ ಕಳೆದು ಅತಿಥಿಗಳು ಚಿತ್ರ ನೋಡದೆ ಕಾರು ಹತ್ತುವುದನ್ನು ನಾನು ಹಲವು ಸಲ ಕಂಡು ನೊಂದಿದ್ದೇನೆ. ಮೊದಲು ಗೋಡೆಯ ಉದ್ದಕ್ಕೂ ಅವರ ಜೊತೆ ನಡೆಯಿರಿ, ಆಮೇಲೆ ಮಾತು.

ಐವರಲ್ಲಿ ಒಬ್ಬರಾದರೂ ಸದಾ ಸಭಾಂಗಣದಲ್ಲಿರಿ, ಮೊಬೈಲ್ ಚೀಲದಲ್ಲಿರಲಿ. ಬಂದವರ ಬೆನ್ನು ಹತ್ತಿ ವಿವರಿಸಬೇಡಿ, ಅವರು ತಿರುಗಿ ನೋಡಿದಾಗ ಎದ್ದು ಹೋಗಿ. ಬೆಲೆ ಕೇಳಲು ಬಡಾವಣೆಯ ಜನ ಸಂಕೋಚಪಡುತ್ತಾರೆ, ಆದ್ದರಿಂದ ಬೆಲೆಪಟ್ಟಿಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ. ಖಾಸಗಿ ಗ್ಯಾಲರಿಗಳು ಮಾರಾಟದಲ್ಲಿ ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೂ ಪಾಲು ತೆಗೆದುಕೊಳ್ಳುತ್ತವೆ. ಬಾಡಿಗೆಗೆ ಪಡೆದ ಸಭಾಂಗಣದಲ್ಲಿ ಆ ಹೊರೆ ಇರುವುದಿಲ್ಲ, ಹಾಗಾಗಿ ಬೆಲೆಯನ್ನು ಕೊಳ್ಳುವವರ ಕೈಗೆಟಕುವಂತೆ ಇಡಬಹುದು. ನಮ್ಮ ಆ ಮೊದಲ ಪ್ರದರ್ಶನದಲ್ಲಿ ಮಾರಾಟವಾದದ್ದು ನಾಲ್ಕು. ನಾಲ್ಕೂ ಸಣ್ಣವು, ನಾಲ್ಕನ್ನೂ ಕೊಂಡವರು ಆ ಸುತ್ತಿನ ಬೀದಿಗಳವರು. ಬಾಡಿಗೆ ಹುಟ್ಟಿತು, ಚೌಕಟ್ಟಿನ ಖರ್ಚು ಹುಟ್ಟಲಿಲ್ಲ.

ಕೊನೆಗೆ ನಿಮ್ಮ ಪೆನ್ಸಿಲ್ ಚಿತ್ರಗಳ ಗೆಳತಿಯ ವಿಷಯ. ಬಣ್ಣದ ದೊಡ್ಡ ಕ್ಯಾನ್ವಾಸ್‌ಗಳ ನಡುವೆ ಒಂದೊಂದಾಗಿ ಹಾಕಿದರೆ ಅವು ಕಾಣುವುದಿಲ್ಲ ಎನ್ನುವ ಅವರ ಮಾತು ಸರಿ. ಹಾಗೆ ಹಾಕಬೇಡಿ. ಎಂಟು ಚಿತ್ರಗಳನ್ನು ಒಂದೇ ಅಳತೆಯ ಬಿಳಿ ಮೌಂಟ್ (ಚಿತ್ರದ ಸುತ್ತ ಕೂರಿಸುವ ದಪ್ಪ ಕಾಗದದ ಅಂಚು), ತೆಳುವಾದ ಕಪ್ಪು ಚೌಕಟ್ಟಿನಲ್ಲಿ ಕಟ್ಟಿಸಿ, ನಡುವೆ ಮೂರು ಮೂರು ಅಂಗುಲ ಬಿಟ್ಟು ಒಂದೇ ಸಾಲಾಗಿ ತೂಗುಹಾಕಿ. ಎರಡೂ ಬದಿಗೆ ನಾಲ್ಕು ನಾಲ್ಕು ಅಡಿ ಗೋಡೆ ಖಾಲಿ ಇರಲಿ. ಬಾಗಿಲಿನಿಂದ ಒಳಬಂದವರಿಗೆ ಮೊದಲು ಸಿಗುವ ಪಕ್ಕದ ಗೋಡೆಯಲ್ಲಿ ಅದಿರಲಿ. ಹತ್ತಿರ ಹೋಗದೆ ಪೆನ್ಸಿಲ್ ಗೆರೆ ಕಾಣುವುದಿಲ್ಲ, ಹಾಗಾಗಿ ಜನ ಹತ್ತಿರ ಹೋಗುತ್ತಾರೆ, ಹೆಜ್ಜೆ ನಿಧಾನವಾಗುತ್ತದೆ. ಅದೇ ನಿಧಾನದಲ್ಲಿ ನಿಮ್ಮ ಕ್ಯಾನ್ವಾಸ್‌ಗಳ ಕಡೆಗೂ ಬರುತ್ತಾರೆ. ಗೋಡೆಯ ನಕ್ಷೆ ಹಾಕಲು ಕೂತಾಗ ಅವರ ಎಂಟು ಚಿತ್ರಗಳನ್ನು ಮೊದಲು ಇಟ್ಟು, ಉಳಿದ ನಾಲ್ವರದನ್ನು ಆಮೇಲೆ ಜೋಡಿಸಿ.