ಸಿಬಿಲ್ 800 ಇದ್ದರೂ ಅಮೆರಿಕದಲ್ಲಿ ಕಾರ್ಡ್ ಏಕೆ ಸಿಗುತ್ತಿಲ್ಲ

ಬೆಂಗಳೂರಿನಲ್ಲಿ ಹತ್ತು ವರ್ಷ ಕಾರ್ಡ್ ಬಳಸಿದ್ದೀರಿ, ಸಿಬಿಲ್ ಸ್ಕೋರ್ 800 ಇದೆ, ಎಚ್-1ಬಿ ವೀಸಾದ ಮೇಲೆ ಡಲ್ಲಾಸ್‌ಗೆ ಬಂದು ಒಳ್ಳೆಯ ಸಂಬಳವೂ ಬರುತ್ತಿದೆ. ಆದರೂ ಎರಡು ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ನಿರಾಕರಿಸಿವೆ, ಮೂರನೆಯ ಕಡೆ ಅರ್ಜಿ ಹಾಕಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಸಿಬಿಲ್‌ನ ಒಡೆತನ ಟ್ರಾನ್ಸ್‌ಯೂನಿಯನ್‌ನದೇ ಆದರೂ ಅಲ್ಲಿನ ದಾಖಲೆ ತಾನಾಗಿ ಇಲ್ಲಿಗೆ ಬರುವುದಿಲ್ಲ. ಅಮೆರಿಕದಲ್ಲಿ ಸಾಲದ ದಾಖಲೆ ಇಡುವ ಬ್ಯೂರೋಗಳು ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ಈ ಮೂರರಲ್ಲೂ ನೀವು ಹೊಸಬರು. ಸಂಬಳ ಸ್ಕೋರ್‌ನ ಲೆಕ್ಕಕ್ಕೆ ಸೇರುವುದಿಲ್ಲ. ಉಳಿತಾಯ ಖಾತೆಯಲ್ಲಿ ಎಷ್ಟು ದುಡ್ಡಿಟ್ಟರೂ, ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಸ್ಕೋರ್ ಹುಟ್ಟುವುದಿಲ್ಲ.

ಮೊದಲು ನಿರಾಕರಣೆಯ ಪತ್ರ ಓದಿ. ಕಾರಣ ತಿಳಿಸುವುದು ಕಾನೂನಿನ ಪ್ರಕಾರ ಬ್ಯಾಂಕಿನ ಹೊಣೆ, ಹಾಗಾಗಿ ಪತ್ರ ಬಂದೇ ಬರುತ್ತದೆ. ಎಲ್ಲರೂ ಅದನ್ನು ಕಸಕ್ಕೆ ಹಾಕುತ್ತಾರೆ, ಆದರೆ ಮುಂದಿನ ದಾರಿ ಇರುವುದು ಅದರಲ್ಲೇ. ‘ಕ್ರೆಡಿಟ್ ಇತಿಹಾಸ ಸಾಲದು’ ಎಂದಿದ್ದರೆ ವಾದಿಸಿ ಪ್ರಯೋಜನವಿಲ್ಲ, ಕಾಯಬೇಕು. ‘ಗುರುತು ಖಚಿತಪಡಿಸಲಾಗಲಿಲ್ಲ’ ಎಂದಿದ್ದರೆ ತೊಡಕು ಹೆಸರಿನಲ್ಲೋ ವಿಳಾಸದಲ್ಲೋ ಇದೆ. ಅದನ್ನು ಬ್ಯಾಂಕಿಗೆ ಫೋನ್ ಮಾಡಿ, ಕೇಳಿದ ದಾಖಲೆ ಕಳಿಸಿ ಸರಿಪಡಿಸಬಹುದು. ಒಂದೊಂದು ಅರ್ಜಿಗೂ ಬ್ಯಾಂಕ್ ನಿಮ್ಮ ಕಡತ ತೆರೆದು ನೋಡಿದ್ದು ‘ವಿಚಾರಣೆ’ ಎಂದು ಬ್ಯೂರೋದಲ್ಲಿ ದಾಖಲಾಗಿ ಎರಡು ವರ್ಷ ಉಳಿಯುತ್ತದೆ. ಮೂರನೆಯದು ಬೇಡ ಎಂದದ್ದು ಇದಕ್ಕೇ.

ನಮ್ಮ ಕಡೆಯವರಿಗೆ ಹೆಚ್ಚು ಕಾಟ ಕೊಡುವುದು ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಆಮೇಲೆ ಕಂಪನಿಯ ಸಂಬಳ ವಿಭಾಗ ಒಂದು ರೀತಿ, ಬ್ಯಾಂಕ್ ಇನ್ನೊಂದು ರೀತಿ, ಡ್ರೈವಿಂಗ್ ಲೈಸೆನ್ಸ್ ಕಚೇರಿ ಮತ್ತೊಂದು ರೀತಿ ಬರೆದುಕೊಳ್ಳುತ್ತವೆ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಎರಡನ್ನೂ ಸೇರಿಸಿದವರದ್ದೂ ಇದೇ ಗೋಳು. ಬ್ಯೂರೋದಲ್ಲಿ ಒಬ್ಬರಿಗೇ ಎರಡು ಅರೆಬರೆ ಕಡತ ಹುಟ್ಟಿಕೊಳ್ಳುವುದು ಹೀಗೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಎಲ್ಲ ಕಡೆ ಬರೆಯಿರಿ. ಪಾಸ್‌ಪೋರ್ಟನ್ನೇ ತಿದ್ದಿಸುವ ಯೋಚನೆಯಿದ್ದರೆ ಭಾರತ ಬಿಡುವ ಮುಂಚೆ, ವೀಸಾಕ್ಕೂ ಮೊದಲೇ ಆಗಬೇಕಿತ್ತು. ಈಗ ತಿದ್ದಿಸಿದರೆ ಉಳಿದ ದಾಖಲೆಗಳ ಜೊತೆ ಹೊಂದಿಸುವ ಕೆಲಸ ಹೊಸದಾಗಿ ಶುರುವಾಗುತ್ತದೆ. ಮೊದಲ ವರ್ಷ ಅದಕ್ಕೆ ಕೈಹಾಕದಿರುವುದೇ ಲೇಸು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಬರುವ ಮುಂಚೆ ಬರೀ ಪಾಸ್‌ಪೋರ್ಟ್ ತೋರಿಸಿ ಖಾತೆ ತೆರೆದಿದ್ದರೆ, ನಂಬರ್ ಬಂದ ಮೇಲೆ ಶಾಖೆಗೆ ಹೋಗಿ ಸೇರಿಸಿ ಬನ್ನಿ. ಬ್ಯಾಂಕ್ ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಕಂಪನಿ ಕೊಟ್ಟ ತಾತ್ಕಾಲಿಕ ಮನೆಯ ವಿಳಾಸ ಇನ್ನೂ ಹಾಗೇ ಇದ್ದರೆ ಅದನ್ನೂ ಬದಲಿಸಿ, ಅಪಾರ್ಟ್‌ಮೆಂಟ್ ನಂಬರ್ ಬಿಡಬೇಡಿ.

ಇಷ್ಟಾದ ಮೇಲೆ ಒಂದೇ ಒಂದು ಕಾರ್ಡ್. ಸಂಬಳ ಜಮೆಯಾಗುವ ಬ್ಯಾಂಕಿನಲ್ಲಿ ಸೆಕ್ಯೂರ್ಡ್ ಕಾರ್ಡ್ ಕೇಳಿ. 200 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕಾರ್ಡ್ ಬರುತ್ತದೆ. ಮುಂದೆ ಮಾಮೂಲಿ ಕಾರ್ಡಿಗೆ ಬದಲಾದಾಗ ಠೇವಣಿ ವಾಪಸ್. ಅದಕ್ಕೂ ಮೊದಲು ಒಂದು ಪ್ರಯತ್ನ ಮಾಡಬಹುದು: ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆ ನೋವಾ ಕ್ರೆಡಿಟ್ ಎಂಬ ಕಂಪನಿಯ ಮೂಲಕ ಭಾರತದ ಇತಿಹಾಸವನ್ನು ತರಿಸಿ ನೋಡುವ ವ್ಯವಸ್ಥೆ ಇಟ್ಟಿದೆ. ನಿಮ್ಮ ಭಾರತದ ದಾಖಲೆ ಅಲ್ಲಿ ಕೆಲಸಕ್ಕೆ ಬರಬಹುದು.

ಕಾರ್ಡ್ ಕೈಗೆ ಬಂದ ಮೇಲೆ ಎಡವುವುದು ಎರಡು ದಿನಾಂಕಗಳಲ್ಲಿ. ಬ್ಯೂರೋಗೆ ಸಾಮಾನ್ಯವಾಗಿ ವರದಿಯಾಗುವುದು ಸ್ಟೇಟ್‌ಮೆಂಟ್ ದಿನದ ಬಾಕಿ. ಕಟ್ಟಲು ಕಡೇ ದಿನ ಅದಾದ ಮೇಲೆ ಕನಿಷ್ಠ 21 ದಿನಕ್ಕೆ. 200ರ ಮಿತಿಯಲ್ಲಿ 150 ಡಾಲರ್ ದಿನಸಿ ತಂದರೆ ಮಿತಿಯ ಬಳಕೆ ಶೇ. 75 ಎಂದು ಕಾಣುತ್ತದೆ, ಕಡೇ ದಿನಕ್ಕೆ ಪೂರ್ತಿ ಚುಕ್ತಾ ಮಾಡಿದರೂ. ಬಳಕೆ ಇಷ್ಟು ಹೆಚ್ಚಾದರೆ ಸ್ಕೋರ್ ಇಳಿಯುತ್ತದೆ. ಆದ್ದರಿಂದ ಸ್ಟೇಟ್‌ಮೆಂಟ್‌ಗೆ ಮೂರ್ನಾಲ್ಕು ದಿನ ಮೊದಲೇ ಬಹುಪಾಲು ಕಟ್ಟಿ, ಹದಿನೈದು-ಇಪ್ಪತ್ತು ಡಾಲರ್ ಬಾಕಿ ಉಳಿಸಿ. ಅದನ್ನು ಆಟೋಪೇ ನೋಡಿಕೊಳ್ಳಲಿ, ಆದರೆ ಆಟೋಪೇ ‘ಕನಿಷ್ಠ ಮೊತ್ತ’ಕ್ಕೆ ಅಲ್ಲ, ‘ಪೂರ್ತಿ ಸ್ಟೇಟ್‌ಮೆಂಟ್ ಬಾಕಿ’ಗೆ ಇದೆಯೇ ನೋಡಿ. ಬಡ್ಡಿ ಕಟ್ಟಿದರೆ ಸ್ಕೋರ್ ಏರುತ್ತದೆ ಎಂಬ ಮಾತು ಶುದ್ಧ ಸುಳ್ಳು. ಕಟ್ಟದೆ ಕಡೇ ದಿನ ದಾಟಿ 30 ದಿನವಾದರೆ ಆ ಕಪ್ಪುಚುಕ್ಕೆ ನಿಮ್ಮ ದಾಖಲೆಯಲ್ಲಿ ಏಳು ವರ್ಷ ಇರುತ್ತದೆ.

ಇಲ್ಲಿ ಸಿಬಿಲ್ ಸ್ಕೋರ್‌ನಂತೆ ನಡೆಯುವುದು ಫೈಕೋ ಸ್ಕೋರ್. ಅದು ಹುಟ್ಟಲು ಕಾರ್ಡ್ ಖಾತೆಗೆ ಆರು ತಿಂಗಳು ತುಂಬಬೇಕು. ಅದಕ್ಕೂ ಮೊದಲೇ ಮೊಬೈಲ್ ಆ್ಯಪ್‌ಗಳು ತೋರಿಸುವುದು ಬಹುಪಾಲು ವ್ಯಾಂಟೇಜ್ ಸ್ಕೋರ್ ಎಂಬ ಬೇರೆ ಲೆಕ್ಕ. ಹೆಚ್ಚಿನ ಬ್ಯಾಂಕುಗಳು ನೋಡುವುದು ಫೈಕೋ, ಹಾಗಾಗಿ ಆ್ಯಪ್‌ನ ಅಂಕಿ ನಂಬಿ ಅರ್ಜಿ ಹಾಕಬೇಡಿ. ಆಮೇಲೆಯೂ ಮೊದಲು ಬ್ಯಾಂಕಿನ ವೆಬ್‌ಸೈಟಿನ ‘ಪ್ರೀ-ಅಪ್ರೂವಲ್’ ಪುಟದಲ್ಲಿ ಕಾರ್ಡ್ ಸಿಗಬಹುದೇ ಎಂದು ನೋಡಿ, ಅದರಿಂದ ಸ್ಕೋರ್‌ಗೆ ಪೆಟ್ಟಿಲ್ಲ. ನಿಮ್ಮ ಮನೆಯವರು ಎಚ್-4ರಲ್ಲಿದ್ದು (ಎಚ್-1ಬಿಯವರ ಕುಟುಂಬದ ವೀಸಾ) ಎಸ್‌ಎಸ್‌ಎನ್ ಇಲ್ಲದಿದ್ದರೂ ಕೆಲವು ಬ್ಯಾಂಕುಗಳು ನಿಮ್ಮ ಕಾರ್ಡಿಗೆ ಅಧಿಕೃತ ಬಳಕೆದಾರರಾಗಿ ಸೇರಿಸಿಕೊಳ್ಳುತ್ತವೆ.

ಅಲ್ಲಿಯವರೆಗೆ ಭಾರತದ ಕ್ರೆಡಿಟ್ ಕಾರ್ಡ್ ಮುಚ್ಚಬೇಡಿ. ಬಾಡಿಗೆ ಕಾರಿಗೆ, ಹೋಟೆಲಿಗೆ ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ದುಡ್ಡೇ ಕೆಲವು ದಿನ ತಡೆಹಿಡಿದಿರುತ್ತದೆ. ಭಾರತದ ಕಾರ್ಡಿಗೆ ವಿದೇಶಿ ವಹಿವಾಟಿನ ಶುಲ್ಕ ಹಲವು ಬ್ಯಾಂಕುಗಳಲ್ಲಿ ಶೇ. 3.5, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ದಿನಸಿಗೆ ದುಬಾರಿ, ಇಂಥದ್ದಕ್ಕೆ ಸರಿ. ಒಟಿಪಿ ಬರುವುದು ಭಾರತದ ನಂಬರಿಗೆ, ಆದ್ದರಿಂದ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇರಲಿ, ರೀಚಾರ್ಜ್ ತಪ್ಪಿಸಬೇಡಿ.